ನೆಟ್‌ವರ್ಕ್ ಡ್ರೈವ್‌ನಲ್ಲಿ ಅಳಿಸಿದ ಫೋಟೊ ರಿಸೈಕಲ್ ಬಿನ್‌ಗೆ ಬರುವುದಿಲ್ಲ

ಮಾನ್ಯ ಸಂಪಾದಕರೇ,

ಕಂಪ್ಯೂಟರ್‌ನಲ್ಲಿ ಜಾಗ ತುಂಬಿದರೆ ಬೇಡದ ಫೋಟೊ ಅಳಿಸಿ, ಕೈತಪ್ಪಿ ಅಳಿಸಿದರೆ ರಿಸೈಕಲ್ ಬಿನ್‌ನಿಂದ ವಾಪಸ್ ತೆಗೆದುಕೊಳ್ಳಿ ಎಂಬ ಸಲಹೆ ತಂತ್ರಜ್ಞಾನದ ಪುಟಗಳಲ್ಲಿ ಆಗಾಗ ಬರುತ್ತದೆ. ಒಂದು ಸ್ಟುಡಿಯೊದಲ್ಲಿ ಫೋಟೊ ಫೈಲುಗಳನ್ನು ಜೋಪಾನ ಮಾಡುವುದೇ ನನ್ನ ಕೆಲಸ. ಆ ಸಲಹೆಯನ್ನು ನಂಬಿ ನೆಟ್‌ವರ್ಕ್ ಡ್ರೈವ್‌ಗೆ (ಇನ್ನೊಂದು ಯಂತ್ರದಲ್ಲಿದ್ದು, ನೆಟ್‌ವರ್ಕ್ ಮೂಲಕ ನಾವು ಬಳಸುವ ಡ್ರೈವ್) ಕೈ ಹಾಕಿದವರ ಪಾಡು ನೋಡಿ ಈ ಪತ್ರ ಬರೆಯುತ್ತಿದ್ದೇನೆ.

ವಿಂಡೋಸ್‌ನಲ್ಲಿ ನೆಟ್‌ವರ್ಕ್ ಡ್ರೈವ್ ಕೂಡ ಒಂದು ಅಕ್ಷರ ಹೊತ್ತು ಸಿ, ಡಿ ಡ್ರೈವ್‌ಗಳ ಜೊತೆಯಲ್ಲೇ ಕೂತಿರುತ್ತದೆ. ಬಳಸುವಾಗ ಏನೂ ವ್ಯತ್ಯಾಸ ಅನ್ನಿಸದು. ಅಲ್ಲಿನ ಫೋಟೊ ಆರಿಸಿ ಡಿಲೀಟ್ ಒತ್ತಿದಾಗ ಮಾತ್ರ ಸಣ್ಣದೊಂದು ಕಿಟಕಿ ತೆರೆದು, ಇದನ್ನು ಶಾಶ್ವತವಾಗಿ ಅಳಿಸಲೇ ಎಂದು ಕೇಳುತ್ತದೆ. ದಿನವಿಡೀ ಇಂಥವಕ್ಕೆ ‘ಎಸ್’ ಒತ್ತಿ ರೂಢಿಯಾದ ಬೆರಳು ಇದಕ್ಕೂ ಒತ್ತಿಬಿಡುತ್ತದೆ. ಅಲ್ಲಿಗೆ ಮುಗಿಯಿತು. ಫೈಲ್ ಇರುವುದು ಇನ್ನೊಂದು ಯಂತ್ರದಲ್ಲಿ, ಹಾಗಾಗಿ ನಿಮ್ಮ ಕಂಪ್ಯೂಟರ್‌ನ ರಿಸೈಕಲ್ ಬಿನ್‌ಗೆ ಅದು ಸಾಮಾನ್ಯವಾಗಿ ಬರುವುದೇ ಇಲ್ಲ. ಮ್ಯಾಕ್ ಕೂಡ ಕೂಡಲೇ ಅಳಿಸುತ್ತೇನೆ ಎಂದು ಎಚ್ಚರಿಸಿಯೇ ಅಳಿಸುತ್ತದೆ. ಓದುವವರು ಯಾರು?

ಇದಕ್ಕೆ ಪರಿಹಾರ ಇಲ್ಲದೆ ಇಲ್ಲ. ನೆಟ್‌ವರ್ಕ್‌ನಲ್ಲಿ ಫೈಲ್ ಇಡಲೆಂದೇ ಇರುವ ಸಿನಾಲಜಿಯಂಥ ಸಾಧನಗಳಲ್ಲಿ ಹಂಚಿಕೊಂಡ ಪ್ರತಿ ಫೋಲ್ಡರ್‌ಗೂ ಬೇರೆಬೇರೆಯಾಗಿ ರಿಸೈಕಲ್ ಬಿನ್ ಆನ್ ಮಾಡಬಹುದು. ಲಿನಕ್ಸ್‌ನಲ್ಲಿ ಸಾಂಬಾ ಎಂಬ ಸಾಫ್ಟ್‌ವೇರ್ ಮೂಲಕ ಫೈಲ್ ಹಂಚಿಕೊಂಡಿದ್ದರೆ ಅಲ್ಲೂ ಇದಕ್ಕೊಂದು ಮಾಡ್ಯೂಲ್ ಇದೆ. ಆಗ ಅಳಿಸಿದ್ದು ಆ ಡ್ರೈವ್‌ನಲ್ಲೇ ಇನ್ನೊಂದು ಫೋಲ್ಡರ್‌ಗೆ ಹೋಗಿ ಕೂರುತ್ತದೆ. ‘ಇಷ್ಟೆಲ್ಲ ಅಳಿಸಿದರೂ ಜಾಗ ಖಾಲಿಯಾಗಿಲ್ಲವಲ್ಲ’ ಎಂದು ಗಾಬರಿ ಬೀಳುವುದು ಬೇಡ. ಆ ಫೋಲ್ಡರ್ ಖಾಲಿ ಮಾಡುವವರೆಗೆ ಜಾಗ ಸಿಗದು. ಸ್ನ್ಯಾಪ್‌ಶಾಟ್ (ಫೈಲುಗಳು ಒಂದು ಗಳಿಗೆಯಲ್ಲಿ ಹೇಗಿದ್ದವೋ ಹಾಗೆ ಡ್ರೈವ್ ಹಿಡಿದಿಟ್ಟುಕೊಳ್ಳುವ ದಾಖಲೆ) ಇಟ್ಟುಕೊಂಡಿದ್ದರೆ ಅವೂ ಹೋಗಬೇಕು.

ಅಂದಹಾಗೆ, ‘ನೆಟ್‌ವರ್ಕ್ ಡ್ರೈವ್‌ನಲ್ಲಿ ಎರಡು ಡಿಸ್ಕ್ ಇದೆಯಲ್ಲ, ಇನ್ನೊಂದರಲ್ಲಿ ಉಳಿದಿರುತ್ತೆ ಅಲ್ವಾ?’ ಎಂದು ಕೇಳುವವರು ಜಾಸ್ತಿ. ಇಲ್ಲ. ಮಿರರ್ ಮಾಡಿದ, ಅಂದರೆ ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುವಂತೆ ಜೋಡಿಸಿದ ಡಿಸ್ಕ್‌ಗಳಲ್ಲಿ ಒಂದು ಕಡೆ ಅಳಿಸಿದ್ದು ಅದೇ ಗಳಿಗೆಯಲ್ಲಿ ಇನ್ನೊಂದು ಕಡೆಯೂ ಹೋಗುತ್ತದೆ. ಒಂದು ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತದೆ, ನಮ್ಮ ಕೈಯಿಂದ ಅಲ್ಲ.

ಎಲ್ಲಿಂದ ಅಳಿಸುತ್ತೇವೆ ಎನ್ನುವುದೂ ಮುಖ್ಯ. ಫೋಟೊ ಜೋಡಿಸಿ ತಿದ್ದುವ ಲೈಟ್‌ರೂಮ್ ಕ್ಲಾಸಿಕ್ ಸಾಫ್ಟ್‌ವೇರ್‌ನಲ್ಲಿ ಡಿಲೀಟ್ ಒತ್ತಿದರೆ ತನ್ನ ಪಟ್ಟಿಯಿಂದ ಮಾತ್ರ ತೆಗೆಯಲೋ, ಡಿಸ್ಕ್‌ನಿಂದಲೂ ಅಳಿಸಲೋ ಎಂದು ಕೇಳುತ್ತದೆ. ಅದನ್ನು ಬಿಟ್ಟು ನೇರವಾಗಿ ಫೋಲ್ಡರ್‌ನಲ್ಲಿ ಅಳಿಸಿದರೆ ಪಟ್ಟಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಇಲ್ಲದ ಫೋಟೊದ ಚಿಕ್ಕ ಚಿತ್ರ ಅಲ್ಲೇ ಉಳಿದು, ಮೂಲೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಆಪಲ್ ಫೋಟೋಸ್ ಲೈಬ್ರರಿ ಇನ್ನೂ ನಾಜೂಕು. ನೋಡಲು ಒಂದೇ ಫೈಲ್, ಒಳಗೆ ಸಾವಿರಾರು. ಕೆಲವರು ಅದರ ಹೊಟ್ಟೆ ಬಗೆದು ದೊಡ್ಡ ಫೈಲುಗಳನ್ನು ಆರಿಸಿ ತೆಗೆಯುತ್ತಾರೆ. ದಯವಿಟ್ಟು ಬೇಡ, ಲೈಬ್ರರಿಯೇ ಕೆಡಬಹುದು. ಆ್ಯಪ್ ಒಳಗಿನಿಂದ ಅಳಿಸಿದರೆ 30 ದಿನ ವಾಪಸ್ ತೆಗೆದುಕೊಳ್ಳಲು ಅವಕಾಶ ಇರುತ್ತದೆ. ನಿಜ ಹೇಳಬೇಕೆಂದರೆ ಇಂಥ ಲೈಬ್ರರಿಯನ್ನು ನೆಟ್‌ವರ್ಕ್ ಡ್ರೈವ್‌ನಲ್ಲಿ ಇಡಬೇಡಿ ಎಂದು ಆಪಲ್ಲೇ ಹೇಳುತ್ತದೆ.

ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ ಒಂದು ದಿನ, ‘ಒಂದೇ ಹೆಸರಿನವು ಎರಡೆರಡು ಇವೆ ಮೇಡಂ, ಒಂದೊಂದು ತೆಗೆದುಬಿಡಲಾ?’ ಎಂದ. ಕೇಳಿದ್ದು ಪುಣ್ಯ. ಅವು ರಾ (ಕ್ಯಾಮೆರಾ ಸೆರೆಹಿಡಿದ ಮೂಲ ಮಾಹಿತಿಯ ಫೈಲ್) ಮತ್ತು ಜೆಪೆಗ್ (ಸಿದ್ಧ ಚಿತ್ರ) ಜೋಡಿಗಳು. ಅವನು ತೆಗೆಯಲು ಹೊರಟಿದ್ದು ರಾ ಫೈಲುಗಳನ್ನು, ಅವು ದೊಡ್ಡವು ಅಂತ! ಐಫೋನಿನ ಲೈವ್ ಫೋಟೊದಲ್ಲೂ ಹೀಗೆಯೇ ಚಿತ್ರದ ಫೈಲ್ ಒಂದು, ವಿಡಿಯೊ ಫೈಲ್ ಒಂದು. ಇನ್ನು ಕ್ಯಾಮೆರಾಗಳು ಕೊಡುವ ಸಂಖ್ಯೆ 9999 ದಾಟಿದರೆ ಮತ್ತೆ 0001ಕ್ಕೆ ಬರುತ್ತದೆ. ಬೇರೆ ಬೇರೆ ವರ್ಷದ ಎರಡು ಫೋಟೊಗಳಿಗೆ ಒಂದೇ ಹೆಸರು ಬಂದರೆ ಅಚ್ಚರಿಯಿಲ್ಲ. ಸುಮ್ನೆ ಹೆಸರು ನೋಡಿ ನಕಲು ಎಂದು ತೀರ್ಮಾನಿಸಬಾರದು. ಫೈಲ್ ಒಳಗಿರುವುದನ್ನೇ ಹೋಲಿಸಿ ನೋಡುವ ಸಾಫ್ಟ್‌ವೇರ್ ಬಳಸಬೇಕು. ಅದು ತೋರಿಸಿದ್ದನ್ನೂ ನಾನು ಕೂಡಲೇ ಅಳಿಸುವುದಿಲ್ಲ. ಬೇರೊಂದು ಫೋಲ್ಡರ್‌ಗೆ ಸರಿಸಿ, ಕೆಲವು ವಾರ ಯಾರೂ ಹುಡುಕಿಕೊಂಡು ಬರದಿದ್ದರೆ ಆಮೇಲೆ ತೆಗೆಯುತ್ತೇನೆ.

ಹಾಗಾಗಿ, ಫೋಟೊ ಅಳಿಸಲು ಸಲಹೆ ಕೊಡುವ ಲೇಖನಗಳಲ್ಲಿ ಇನ್ನೆರಡು ಸಾಲು ಸೇರಿಸಿ ಎಂದು ನನ್ನ ವಿನಂತಿ: ಫೋಟೊ ಯಾವ ಡ್ರೈವ್‌ನಲ್ಲಿದೆ ನೋಡಿಕೊಳ್ಳಿ, ನೆಟ್‌ವರ್ಕ್ ಡ್ರೈವ್ ಆಗಿದ್ದರೆ ಮೊದಲು ಬೇಡದ ಒಂದು ಫೈಲ್ ಅಳಿಸಿ, ಅದನ್ನು ವಾಪಸ್ ತರಲು ಆಗುತ್ತದೆಯೇ ಪರೀಕ್ಷಿಸಿ.

ಇಂತಿ,
ನಿಮ್ಮ ಓದುಗಿ