ಕಾಲು ಮೊದಲು ಹೇಳಿತು, ಮಗಳೇ

ಗಂಗಾವತಿ

ಚಿ. ಸೌ. ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ಕ್ಯಾನ್ಸರ್ ಇರುವುದನ್ನು ನಾನು ತಿಂಗಳುಗಟ್ಟಲೆ ಮುಚ್ಚಿಟ್ಟೆನೆಂದು ನಿನ್ನ ಅವ್ವನ ಮುಂದೆ ನೀನು ಅತ್ತೆಯೆಂದು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ನಾನು ಮುಚ್ಚಿಡಲಿಲ್ಲ ತಾಯೀ, ನನಗೇ ಗೊತ್ತಿರಲಿಲ್ಲ. ಕೆಮ್ಮು, ಎದೆನೋವು ಒಂದೂ ಇರಲಿಲ್ಲ.

ಹೋದ ವರ್ಷದ ಯುಗಾದಿಯಲ್ಲಿ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದಿದ್ದ ನಾನು, ದೀಪಾವಳಿಯ ಹೊತ್ತಿಗೆ ನೆಲದ ಮೇಲೆ ಕುಳಿತು ಉಂಡರೆ ಗೋಡೆ ಹಿಡಿಯದೆ ಏಳಲಾರದವನಾದೆ. ಬಾಯಿ ಒಣಗಿ ರೊಟ್ಟಿಯ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ವಯಸ್ಸಿನ ನಿಶ್ಶಕ್ತಿಯೆಂದು ಸೂಜಿ, ಟಾನಿಕ್ಕುಗಳಲ್ಲೇ ಐದು ತಿಂಗಳು ಕಳೆದವು. ಆ ಐದು ತಿಂಗಳಿಗಾಗಿ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊನೆಗೆ ನರರೋಗದ ವೈದ್ಯರೊಬ್ಬರು ಮೊಣಕಾಲನ್ನು ಸುತ್ತಿಗೆಯಿಂದ ತಟ್ಟಿದರೆ ಕಾಲು ಅಲುಗಲಿಲ್ಲ. ಹತ್ತು ಸೆಕೆಂಡು ಕಾಲನ್ನು ಬಲವಾಗಿ ಚಾಚಿ ಹಿಡಿಯಲು ಹೇಳಿ ಮತ್ತೆ ತಟ್ಟಿದಾಗ ಅದು ಜಿಗಿಯಿತು. ಒಡನೆಯೇ ಅವರು ಕೇಳಿದ್ದು, ಬೀಡಿ ಎಷ್ಟು ವರ್ಷದಿಂದ ಸೇದುತ್ತೀರಿ ಎಂದು. ಕಾಲು ತೋರಿಸಲು ಹೋದವನಿಗೆ ಎದೆಯ ಸ್ಕ್ಯಾನ್ ಬರೆದುಕೊಟ್ಟಾಗ ನನಗೆ ಸಿಟ್ಟೇ ಬಂದಿತ್ತು.

ಕಾಲು ಸೋಲುವ ಈ ರೋಗಕ್ಕೆ ಲ್ಯಾಂಬರ್ಟ್-ಈಟನ್ ಎಂದು ಹೆಸರು. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 1956ರಲ್ಲಿ ಇದನ್ನು ವಿವರಿಸಿದ್ದರಂತೆ. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ಸಣ್ಣ ಬಾಗಿಲುಗಳಿರುತ್ತವೆ. ಅದು ಒಳಬಂದರೆ ಮಾತ್ರ ಸ್ನಾಯುವನ್ನು ಎಬ್ಬಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬೀಳುತ್ತದೆ. ಶ್ವಾಸಕೋಶದಲ್ಲಿ ಬರುವ ಒಂದು ಬಗೆಯ ಕ್ಯಾನ್ಸರಿನ ಜೀವಕೋಶಗಳ ಮೇಲೂ ಅಂಥವೇ ಬಾಗಿಲುಗಳಿರುವುದರಿಂದ, ಗಡ್ಡೆಯೊಡನೆ ಹೋರಾಡಲೆಂದು ದೇಹವು ಹುಟ್ಟಿಸಿದ ಪ್ರತಿಕಾಯಗಳು ನರದ ಬಾಗಿಲುಗಳನ್ನೂ ಶತ್ರುವೆಂದು ತಿಳಿದು ಹಾಳುಮಾಡುತ್ತವೆ. ಸ್ವಲ್ಪ ಹೊತ್ತು ಬಿಗಿಹಿಡಿದರೆ ಒಳಗೆ ಕ್ಯಾಲ್ಸಿಯಂ ಕೂಡಿಕೊಂಡು ಬಲ ಕ್ಷಣಕಾಲ ಮರಳುತ್ತದೆ. ನನ್ನ ಕಾಲು ಜಿಗಿದದ್ದು ಹಾಗೆ. ಈ ರೋಗ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕ್ಯಾನ್ಸರ್ ಇರುತ್ತದೆ, ಅವರಲ್ಲಿ ಹೆಚ್ಚಿನವರಿಗೆ ಕಾಲಿನ ಸೋಲೇ ಮೊದಲು ಕಾಣಿಸುತ್ತದೆ. ನನ್ನ ದೇಹವು ಗಡ್ಡೆಯನ್ನು ನಮ್ಮೆಲ್ಲರಿಗಿಂತ ಮೊದಲು ಗುರುತಿಸಿತ್ತೆಂದು ನೆನೆದಾಗ ನನಗೆ ಭಯಕ್ಕಿಂತ ಧೈರ್ಯವೇ ಹೆಚ್ಚಾಗುತ್ತದೆ.

ಗಡ್ಡೆಗೆ ಚಿಕಿತ್ಸೆಯಾದಂತೆ ಕಾಲಿಗೂ ಬಲ ಬರಬಹುದೆಂದು ವೈದ್ಯರು ಹೇಳಿದ್ದಾರೆ. ಎರಡು ಸಲ ಕಿಮೋ ಮುಗಿದಿದೆ. ಮೊನ್ನೆ ಒಂದು ಕೈಯನ್ನಷ್ಟೇ ಗೋಡೆಗೆ ಊರಿ ಎದ್ದೆ, ನಿನ್ನ ಅವ್ವ ನೋಡಿದಳು.

ನೀನು ಬಂದಾಗ ದೇವರ ಕೋಣೆಯ ಕಪಾಟು ತೆಗೆದು ನೋಡು. ಮೊದಲ ದಿನದ ಚೀಟಿಯಿಂದ ಹಿಡಿದು ಎಲ್ಲ ವರದಿಗಳೂ ತಾರೀಖಿನ ಪ್ರಕಾರ ಅಲ್ಲಿವೆ, ಒಂದನ್ನೂ ತೆಗೆದಿಲ್ಲ.

ನಿನ್ನ ಅಪ್ಪ