ಕೊರಿಯಾದ ದೊಡ್ಡವರ ಬಗ್ಗೆ ಬರೆಯಹೊರಟ ತಂಗಿಗೆ

ಪ್ರೀತಿಯ ತಂಗಿ,

ನೀನು ಕಳಿಸಿದ ಕೊರಿಯಾದ ವ್ಯಕ್ತಿಚಿತ್ರಗಳನ್ನು ಪೂರ್ತಿ ಓದಿದೆ. ಭಾಷೆ ಚೆನ್ನಾಗಿದೆ, ಇಸವಿಗಳನ್ನೂ ಶ್ರಮಪಟ್ಟು ಹುಡುಕಿದ್ದೀಯ. ಆದರೆ ಎಲ್ಲರ ಬದುಕೂ ಒಂದೇ ಹಾದಿ ಹಿಡಿದಿದೆ. ಹುಟ್ಟಿದರು, ಕಷ್ಟಪಟ್ಟರು, ಗೆದ್ದರು, ಪ್ರಶಸ್ತಿ ಬಂತು. ಅಧ್ಯಕ್ಷ ಕಿಮ್ ಡೇ-ಜಂಗ್ ಹೆಸರು ತೆಗೆದು ಅಲ್ಲಿ ಓಟಗಾರ ಸೋನ್ ಕೀ-ಚುಂಗ್ ಹೆಸರು ಹಾಕಿದರೂ ಅರ್ಧಕ್ಕರ್ಧ ಸಾಲು ಹಾಗೇ ನಡೆಯುತ್ತವೆ. ನಿನಗೂ ಅದು ಅನ್ನಿಸಿರಬೇಕು. ಇಲ್ಲದಿದ್ದರೆ ‘ಯಾಕೋ ಸಪ್ಪೆ ಆಯ್ತು’ ಅಂತ ಬರೆಯುತ್ತಿರಲಿಲ್ಲ, ಅಲ್ವಾ?

ನಾನು ಹೇಳುವುದು ಇಷ್ಟೇ. ಇವರ ಬಗ್ಗೆ ಇವತ್ತು ನಮಗೆ ಏನೇನು ಗೊತ್ತಿದೆಯೋ ಅದನ್ನೆಲ್ಲ ಯಾರೋ ಉಳಿಸಿಕೊಟ್ಟಿದ್ದಾರೆ. ಕೆಲವರು ಅದಕ್ಕಾಗಿ ಜೈಲಿಗೂ ಹೋಗಿದ್ದಾರೆ. ಬರೆಯುವ ಮೊದಲು ಅವರನ್ನು ಹುಡುಕು. ಅವರು ಏನನ್ನು ಉಳಿಸಿದರು, ಯಾಕೆ ಉಳಿಸಿದರು ಅಂತ ನೋಡು. ದೊಡ್ಡವರ ಬದುಕಿನ ನಿಜವಾದ ಬಿಸಿ ಸಿಗುವುದು ಅಲ್ಲೇ.

ಜಿಯೋನ್ ಟೇ-ಇಲ್‌ಗೆ ನೀನು ಒಂದೇ ಪ್ಯಾರಾ ಕೊಟ್ಟಿದ್ದೀಯ. ‘ಕಾರ್ಮಿಕ ಹೋರಾಟಗಾರ, 1970ರಲ್ಲಿ ಹುತಾತ್ಮ’. ಅವನಿಗೆ ಆಗ 22 ವರ್ಷ. ಸೋಲ್ ನಗರದ ಪ್ಯೋಂಗ್‌ಹ್ವಾ ಮಾರ್ಕೆಟ್ಟಿನ ಬಟ್ಟೆ ಹೊಲಿಯುವ ಅಂಗಡಿಗಳಿಗೆ ಸಹಾಯಕನಾಗಿ ಬಂದು ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್ ಆದ ಹುಡುಗ. ಅಲ್ಲಿ ಒಂದೊಂದು ಮಹಡಿಗೂ ನಡುವೆ ಹಲಗೆ ಹಾಕಿ ಎರಡು ಮಾಡಿದ್ದರು. ಮೇಲಿನ ಅಟ್ಟದಲ್ಲಿ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಹದಿನಾಲ್ಕು ಹದಿನೈದರ ಹೆಣ್ಣುಮಕ್ಕಳು ದಿನಕ್ಕೆ 14 ಗಂಟೆ ಆ ಬಟ್ಟೆಯ ಧೂಳಲ್ಲಿ ಬಗ್ಗಿಕೊಂಡೇ ಕೆಲಸ ಮಾಡುತ್ತಿದ್ದರು. ಟೇ-ಇಲ್ ತನ್ನ ಬಸ್ಸಿನ ಕಾಸಿನಲ್ಲಿ ಆ ಮಕ್ಕಳಿಗೆ ತಿನ್ನಲು ಬೀದಿಬದಿಯ ಸಣ್ಣ ಬ್ರೆಡ್ಡು ಕೊಡಿಸಿ, ತಾನು ಊರಾಚೆಯ ಮನೆಗೆ ಗಂಟೆಗಟ್ಟಲೆ ನಡೆದುಕೊಂಡು ಹೋಗುತ್ತಿದ್ದ. ನಿನ್ನ ಲೇಖನ ಶುರುವಾಗಬೇಕಾದ್ದು ಈ ಬಸ್ಸಿನ ಕಾಸಿನಿಂದ.

ಕೊರಿಯಾದಲ್ಲಿ 1953ರಿಂದಲೇ ಕಾರ್ಮಿಕ ಕಾನೂನು ಇತ್ತು. ದಿನಕ್ಕೆ 8 ಗಂಟೆ ಕೆಲಸ, ವಾರಕ್ಕೊಂದು ರಜೆ, ಎಲ್ಲ ಅದರಲ್ಲೇ ಬರೆದಿತ್ತು. ಆ ಪುಸ್ತಕ ತಂದು ಓದಲು ಕೂತರೆ ತುಂಬಾ ಚೀನೀ ಅಕ್ಷರಗಳು. ಶಾಲೆ ಪೂರ್ತಿ ಮಾಡದ ಅವನಿಗೆ ಅರ್ಥವಾಗುತ್ತಿರಲಿಲ್ಲ. ಕಾಲೇಜು ಓದಿದ ಒಬ್ಬ ಸ್ನೇಹಿತ ಇದ್ದಿದ್ದರೆ ಅಂತ ಹಂಬಲಿಸುತ್ತಿದ್ದ. ಕೆಲಸಗಾರರ ಹತ್ತಿರ ಪ್ರಶ್ನೆಪಟ್ಟಿ ತುಂಬಿಸಿಕೊಂಡು ಕಚೇರಿಗಳಿಗೆ ಅಲೆದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1970ರ ನವೆಂಬರ್ 13ರಂದು ಪ್ರತಿಭಟನೆಯಲ್ಲಿ ಆ ಕಾನೂನು ಪುಸ್ತಕದ ಜೊತೆ ಅವನೂ ಬೆಂಕಿಗೆ ಆಹುತಿಯಾದ. ಇದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗು. ನೀನು ಆ ಬೆಂಕಿಯನ್ನು ಬಣ್ಣಿಸಿದ್ದೀಯ, ಅದನ್ನು ಪೂರ್ತಿ ತೆಗೆದುಬಿಡು. ಓದುವವರಿಗೆ ಕಾಣಬೇಕಾದ್ದು ಆ ಅಟ್ಟ, ಸಾವಲ್ಲ.

ಆಮೇಲಿನದ್ದನ್ನು ನೀನು ಬರೆದೇ ಇಲ್ಲ. ಅವನ ತಾಯಿ ಲೀ ಸೋ-ಸುನ್ ಅದೇ ತಿಂಗಳು ಮಾರ್ಕೆಟ್ಟಿನ ಕೆಲಸಗಾರರ ಸಂಘ ಕಟ್ಟಲು ನಿಂತರು. 2011ರಲ್ಲಿ ತೀರಿಕೊಳ್ಳುವವರೆಗೂ ಹೋರಾಟ ಬಿಡಲಿಲ್ಲ. ಕೊರಿಯಾದ ಕೆಲಸಗಾರರು ಅವರನ್ನು ತಮ್ಮೆಲ್ಲರ ಅಮ್ಮ ಅಂತಲೇ ಕರೆದರು. ಇನ್ನೊಬ್ಬ ಚೋ ಯಂಗ್-ರೇ, ಕಾನೂನು ಓದಿದ ಹುಡುಗ, ಹೆಚ್ಚುಕಮ್ಮಿ ಟೇ-ಇಲ್‌ನದೇ ವಯಸ್ಸು. ಬದುಕಿದ್ದಾಗ ಇಬ್ಬರಿಗೂ ಪರಿಚಯವೇ ಇರಲಿಲ್ಲ. ಚೋ ಸರ್ಕಾರದ ಕಣ್ಣು ತಪ್ಪಿಸಿ ವರ್ಷಗಟ್ಟಲೆ ತಲೆಮರೆಸಿಕೊಂಡಿದ್ದಾಗ, ಟೇ-ಇಲ್‌ನ ಡೈರಿಗಳನ್ನೂ ತಾಯಿಯ ಮಾತುಗಳನ್ನೂ ಇಟ್ಟುಕೊಂಡು ಅವನ ಜೀವನಚರಿತ್ರೆ ಬರೆದರು. ಅದು ಮೊದಲು ಅಚ್ಚಾಗಿದ್ದು 1978ರಲ್ಲಿ, ಜಪಾನಿನಲ್ಲಿ. ಕೊರಿಯಾದಲ್ಲಿ 1983ರಲ್ಲಿ ಬಂದಾಗ ಮುಖಪುಟದ ಮೇಲೆ ಲೇಖಕರ ಹೆಸರೇ ಇಲ್ಲ. ಚೋ 1990ರಲ್ಲಿ ತೀರಿಕೊಂಡರು. ಅವರ ಹೆಸರು ಹೊತ್ತ ಆವೃತ್ತಿ ಬಂದಿದ್ದು ಮರುವರ್ಷ. ಒಬ್ಬರ ಬದುಕನ್ನು ಬರೆಯುವುದು ಅಂದರೆ ಎಂಥ ಕೆಲಸ ಅಂತ ನನಗೆ ತೋರಿಸಿಕೊಟ್ಟವರಲ್ಲಿ ಈ ಚೋ ಮುಖ್ಯರು. ನಿನಗೆ ಮತ್ತೆ ಮತ್ತೆ ಅವರ ಹೆಸರು ಹೇಳುವುದೂ ಅದಕ್ಕೇ.

ಕಿಮ್ ಡೇ-ಜಂಗ್ ಬಗ್ಗೆ ನೀನು ಬರೆದದ್ದರಲ್ಲಿ ಘಟನೆಗಳಿಗೆ ಕೊರತೆ ಇಲ್ಲ. 1973ರಲ್ಲಿ ಟೋಕಿಯೊ ಹೋಟೆಲ್ಲಿನಿಂದ ಅವರದೇ ದೇಶದ ಗುಪ್ತಚರರು ಅಪಹರಿಸಿದ್ದು, 1980ರಲ್ಲಿ ಮರಣದಂಡನೆಯ ತೀರ್ಪು, 1998ರಲ್ಲಿ ಅಧ್ಯಕ್ಷಗಿರಿ, 2000ದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ. ಇಷ್ಟೆಲ್ಲ ಇದ್ದೂ ಮನುಷ್ಯ ಕಾಣುತ್ತಿಲ್ಲ. ಅವರ ಹೆಂಡತಿ ಲೀ ಹೀ-ಹೋ ಅವರಿಂದ ಶುರು ಮಾಡಿ ನೋಡು. ಅಮೆರಿಕದಲ್ಲಿ ಓದಿ ಬಂದು, ಮದುವೆಗೆ ಮೊದಲೇ ಹೆಣ್ಣುಮಕ್ಕಳ ಹಕ್ಕಿಗಾಗಿ ಕೆಲಸ ಮಾಡಿದವರು. ಸೋಲ್‌ನ ಅವರ ಮನೆಯ ಗೇಟಿನಲ್ಲಿ ಎರಡು ನಾಮಫಲಕ ಇದ್ದವು, ಗಂಡನದೊಂದು, ಹೆಂಡತಿಯದೊಂದು, ಅಕ್ಕಪಕ್ಕ. 1960ರ ದಶಕದ ಕೊರಿಯಾದಲ್ಲಿ ಗಂಡಸಿನ ಹೆಸರು ಮಾತ್ರ ಹಾಕುವುದು ರೂಢಿ. ಚೊಂಗ್ಜು ಜೈಲಿನಿಂದ ಕಿಮ್ ಡೇ-ಜಂಗ್‌ಗೆ ತಿಂಗಳಿಗೆ ಒಂದೇ ಕಾಗದ ಬರೆಯಲು ಬಿಡುತ್ತಿದ್ದರು. ಇದ್ದ ಒಂದು ಹಾಳೆಯಲ್ಲೇ ಸಾಸಿವೆ ಗಾತ್ರದ ಅಕ್ಷರಗಳಲ್ಲಿ ದೇವರು, ಚರಿತ್ರೆ, ಮಕ್ಕಳ ಓದು, ತರಿಸಬೇಕಾದ ಪುಸ್ತಕ ಎಲ್ಲವನ್ನೂ ತುಂಬಿಸುತ್ತಿದ್ದರು. ಹೊರಗಿನಿಂದ ಲೀ ಹೀ-ಹೋ ಹೆಚ್ಚುಕಮ್ಮಿ ದಿನಾ ಬರೆಯುತ್ತಿದ್ದರು. ನಿನ್ನ ನೊಬೆಲ್ ಪ್ಯಾರಾಗಿಂತ ಆ ಒಂದು ಹಾಳೆ ಜಾಸ್ತಿ ಹೇಳುತ್ತೆ.

ಕಿಮ್ ಡೇ-ಜಂಗ್ ಅವರನ್ನು ಹಾಡಿ ಹೊಗಳಿ ಮುಗಿಸಬೇಡ. ಅಧ್ಯಕ್ಷರಾಗಿದ್ದಾಗಲೇ, 2002ರಲ್ಲಿ, ಇಬ್ಬರು ಗಂಡುಮಕ್ಕಳು ಲಂಚದ ಪ್ರಕರಣದಲ್ಲಿ ಬಂಧನಕ್ಕೊಳಗಾದರು. ಅವರು ದೇಶದ ಕ್ಷಮೆ ಕೇಳಿದರು. ಉತ್ತರ ಕೊರಿಯಾದ ರಾಜಧಾನಿ ಪ್ಯೋಂಗ್ಯಾಂಗ್‌ಗೆ ಅವರು ಭೇಟಿ ಕೊಡುವ ಮುಂಚೆ ಆ ದೇಶಕ್ಕೆ ಗುಟ್ಟಾಗಿ ಹಣ ಹೋಗಿತ್ತು ಅಂತ 2003ರ ವಿಶೇಷ ತನಿಖೆ ಹೇಳಿತು. ಇದನ್ನೂ ಬರೆ. ನಮ್ಮ ಓದುಗರು ಇಷ್ಟು ತಡೆದುಕೊಳ್ಳುತ್ತಾರೆ.

ಸೋನ್ ಕೀ-ಚುಂಗ್ ಕಥೆಯಲ್ಲಿ ನೀನು ಬಿಟ್ಟಿರುವುದು ಪತ್ರಿಕೆಯವರನ್ನು. 1936ರ ಬರ್ಲಿನ್ ಒಲಿಂಪಿಕ್ಸ್‌ನ ಮ್ಯಾರಥಾನ್ ಗೆದ್ದಾಗ ಅವರ ಎದೆಯ ಮೇಲೆ ಇದ್ದದ್ದು ಜಪಾನಿನ ಬಾವುಟ. ಕೊರಿಯಾ ಆಗ ಜಪಾನಿನ ಕೈಯಲ್ಲಿತ್ತು. ಪದಕದ ಕಟ್ಟೆಯ ಮೇಲೆ ತಲೆ ತಗ್ಗಿಸಿ, ಕೊಟ್ಟಿದ್ದ ಓಕ್ ಸಸಿಯನ್ನು ಎದೆಗೆ ಅಡ್ಡ ಹಿಡಿದು ನಿಂತರು. ಸೋಲ್‌ನ ‘ದೊಂಗಾ ಇಲ್ಬೊ’ ಪತ್ರಿಕೆಯವರು ಆ ಫೋಟೊದಲ್ಲಿ ಬಾವುಟವನ್ನೇ ಅಳಿಸಿ ಅಚ್ಚು ಹಾಕಿದರು. ಅಲ್ಲಿಯ ಪತ್ರಕರ್ತರು ಜೈಲು ಸೇರಿದರು, ಪತ್ರಿಕೆ ಸುಮಾರು ಒಂಬತ್ತು ತಿಂಗಳು ನಿಂತುಹೋಯಿತು. ಆ ಓಟ ನಡೆದದ್ದು ಆಗಸ್ಟ್ 9. 1992ರ ಅದೇ ದಿನ ಹ್ವಾಂಗ್ ಯಂಗ್-ಚೋ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕೊರಿಯಾದ ಹೆಸರಲ್ಲೇ ಮ್ಯಾರಥಾನ್ ಗೆದ್ದಾಗ ಮುದುಕ ಸೋನ್ ಕ್ರೀಡಾಂಗಣದಲ್ಲಿದ್ದರು.

ಉಳಿಸುವವರೇ ಇಲ್ಲದಿದ್ದರೆ? ಚಿತ್ರ ಕಲಾವಿದೆ ನಾ ಹ್ಯೇ-ಸೋಕ್ ಅವರನ್ನು ನೀನು ಪಟ್ಟಿಗೆ ಸೇರಿಸಬೇಕು. 1934ರಲ್ಲಿ ತಮ್ಮ ವಿಚ್ಛೇದನದ ಬಗ್ಗೆ ಪತ್ರಿಕೆಯೊಂದರಲ್ಲಿ ತೆರೆದು ಬರೆದರು. ತಾವು ಪಾಲಿಸದ ಶೀಲವನ್ನು ಗಂಡಸರು ಹೆಂಗಸರಿಂದ ಮಾತ್ರ ಕೇಳುವುದೇಕೆ ಅಂತ ನೇರವಾಗಿ ಪ್ರಶ್ನಿಸಿದರು. ಆಮೇಲೆ ಎಲ್ಲರೂ ದೂರವಾದರು. 1948ರಲ್ಲಿ ದಿಕ್ಕಿಲ್ಲದವರ ಆಸ್ಪತ್ರೆಯಲ್ಲಿ ತೀರಿಕೊಂಡರು, ಸಮಾಧಿ ಎಲ್ಲಿದೆ ಅಂತಲೂ ಯಾರಿಗೂ ಗೊತ್ತಿಲ್ಲ. ಕೊನೆಯ ವರ್ಷಗಳ ಬಗ್ಗೆ ಸಿಗುವುದು ಬಹಳ ಕಡಿಮೆ. ಅಲ್ಲಿ ಸುಮ್ನೆ ಕಲ್ಪಿಸಿ ತುಂಬಬೇಡ. ಒಂಟಿ ಕಿಟಕಿ, ನಡುಗುವ ಕೈ, ಇಂಥವು ಬೇಡವೇ ಬೇಡ. ಖಾಲಿ ಇದ್ದರೆ ಖಾಲಿಯೇ ಇರಲಿ. ಅವರಿಗೆ ಆದ ಅನ್ಯಾಯ ಆ ಖಾಲಿಯಲ್ಲೇ ಇದೆ.

ಇನ್ನು ಕೆಲವು ಸಣ್ಣ ಮಾತು. ಕೊರಿಯಾದಲ್ಲಿ ಮನೆತನದ ಹೆಸರು ಮೊದಲು ಬರುತ್ತೆ. ಎರಡನೇ ಸಲ ಬರೀ ‘ಕಿಮ್’ ಅಂತ ಬರೆದರೆ ಯಾವ ಕಿಮ್ ಅಂತ ತಿಳಿಯುವುದಿಲ್ಲ, ಅಲ್ಲಿನ ರಾಜಕೀಯದಲ್ಲಿ ಒಂದೇ ಕಾಲಕ್ಕೆ ಮೂವರು ದೊಡ್ಡ ಕಿಮ್‌ಗಳಿದ್ದರು. ಪೂರ್ತಿ ಹೆಸರು ಬರೆ. ಮದುವೆಯಾದ ಮೇಲೂ ಹೆಂಗಸರ ಮನೆತನದ ಹೆಸರು ಬದಲಾಗುವುದಿಲ್ಲ, ಲೀ ಹೀ-ಹೋರನ್ನು ನೀನು ‘ಶ್ರೀಮತಿ ಕಿಮ್’ ಮಾಡಿದ್ದೀಯ. ವಯಸ್ಸಿನ ವಿಷಯದಲ್ಲೂ ಎಚ್ಚರ. ಅಲ್ಲಿನ ಹಳೇ ಲೆಕ್ಕದಲ್ಲಿ ಹುಟ್ಟಿದಾಗಲೇ ಒಂದು ವರ್ಷ, ಹೊಸ ವರ್ಷಕ್ಕೆ ಇನ್ನೊಂದು. ಜಿಯೋನ್ ಟೇ-ಇಲ್‌ಗೆ ಕೆಲವೆಡೆ 23 ಅಂತ ಇರುವುದು ಅದಕ್ಕೇ.

ಬಿಟಿಎಸ್ ಬಗ್ಗೆ ಬರೆಯಲು ನಿನಗೆ ಆಸೆ ಇದೆ, ಖಂಡಿತ ಬರೆ. ಆ ಹಾಡುಗಾರರ ತಂಡದ ಜೆ-ಹೋಪ್ ಹುಟ್ಟಿದ್ದು ಗ್ವಾಂಗ್ಜು ಊರಲ್ಲಿ. 2024ರ ಸಾಹಿತ್ಯ ನೊಬೆಲ್ ಪಡೆದ ಹಾನ್ ಕಾಂಗ್ ಹುಟ್ಟಿದ್ದೂ ಅಲ್ಲೇ. 1980ರ ಮೇ ತಿಂಗಳಲ್ಲಿ ದಂಗೆ ಎದ್ದ ಜನರನ್ನು ಸೈನ್ಯ ಕೊಂದಿದ್ದೂ ಅದೇ ಊರಲ್ಲಿ. ಆ ದಂಗೆಯ ಹೊಣೆ ಹೊರಿಸಿಯೇ ಕಿಮ್ ಡೇ-ಜಂಗ್‌ಗೆ ಮರಣದಂಡನೆ ವಿಧಿಸಿದ್ದು. ಊರನ್ನು ಓದಿಕೊಂಡರೆ ಹಾಡುಗಾರನೂ ಬೇರೆ ಥರ ಕಾಣುತ್ತಾನೆ.

ಕರ್ನಾಟಕದ ಕೊಂಡಿ ಬೇಕಾ ಅಂತ ಕೇಳಿದ್ದೀಯ. ಎಳೆದು ತರಬೇಡ. ನಿಜವಾದದ್ದು ಒಂದಿದೆ. ಕೊರಿಯಾ ಯುದ್ಧ ಮುಗಿದಾಗ ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ ಸೆರೆಯಾಳುಗಳನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಮಡಿಕೇರಿಯ ಜನರಲ್ ತಿಮ್ಮಯ್ಯ. ಅದು ಬೇರೆಯೇ ಲೇಖನ, ಇದರಲ್ಲಿ ತುರುಕಬೇಡ.

ಮೊದಲು ಜಿಯೋನ್ ಟೇ-ಇಲ್ ಮೇಲೆ ಕೂತುಕೋ. ತಾಯಿಗೂ ಚೋ ಯಂಗ್-ರೇಗೂ ಜಾಗ ಕೊಟ್ಟು ಹೊಸದಾಗಿ ಬರೆದು ಕಳಿಸು. ಉದ್ದವಾದರೂ ಚಿಂತೆಯಿಲ್ಲ, ನಾನು ಓದುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ