ಅಡ್ವಾನ್ಸ್ ಕೊಡೋ ಮೊದಲು ಸಿಬಿಲ್ ನೋಡಿ

ಸಂಪಾದಕರೇ,

ಮನೆ ನೋಡಿ, ಒಳ್ಳೆ ದಿನ ನೋಡಿ, ಅಡ್ವಾನ್ಸ್ ಕೊಟ್ಟು, ಆಮೇಲೆ ಸಾಲಕ್ಕೆ ಬ್ಯಾಂಕಿಗೆ ಹೋಗೋದು ನಮ್ಮ ಕೋಲಾರದ ಕಡೆ ರೂಢಿ. ನಾನೂ ಹಾಗೇ ಮಾಡಿದೆ. ಕಳೆದ ವರ್ಷ ಟಮಕದ ಹತ್ತಿರ ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಒಂದು ಸಣ್ಣ ಮನೆಗೆ ಒಂದು ಲಕ್ಷ ಅಡ್ವಾನ್ಸ್ ಕೊಟ್ಟು ಮೂರು ತಿಂಗಳ ಅಗ್ರಿಮೆಂಟ್ ಮಾಡಿಕೊಂಡೆ. ಬ್ಯಾಂಕಿನವರು ಆಧಾರ್, ಪ್ಯಾನ್ ತಗೊಂಡು ಕಂಪ್ಯೂಟರಿನಲ್ಲಿ ನನ್ನ ಸಿಬಿಲ್, ಅಂದರೆ ನಾವು ಸಾಲ, ಕಂತು ಕಟ್ಟಿದ ಲೆಕ್ಕದ ರಿಪೋರ್ಟು, ಅದಕ್ಕೆ ಕೊಡೋ ಅಂಕ (ಸ್ಕೋರ್) ನೋಡಿ, 'ನಿಮ್ಮ ಸ್ಕೋರ್ 641 ಇದೆ ಸಾರ್, ಕಷ್ಟ' ಅಂದರು. ನರಸಾಪುರದ ಕಡೆ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡ್ತಿದ್ದೇನೆ, ನನ್ನ ಹೆಸರಲ್ಲಿ ಒಂದು ಕಂತೂ ತಪ್ಪಿಲ್ಲ. ಮತ್ತೆ 641 ಹೇಗೆ?

ಉತ್ತರ ನಮ್ಮ ಮನೆಯೊಳಗೇ ಇತ್ತು. 2023ರ ಜುಲೈನಲ್ಲಿ ಟೊಮೆಟೊ ರೇಟು ಹುಚ್ಚು ಹಿಡಿದಂಗೆ ಏರಿತ್ತಲ್ಲ, ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿತ್ತು. ಆಗ ನನ್ನ ಬಾಮೈದ ಮಂಡಿಗೆ ಲೋಡ್ ಹೊಡೀತೀನಿ ಅಂತ ಸಾಲದ ಮೇಲೆ ಒಂದು ಗೂಡ್ಸ್ ಗಾಡಿ ತಗೊಂಡ. 'ಭಾವ, ಶ್ಯೂರಿಟಿಗೆ ಒಂದು ಸಹಿ' ಅಂದ, ಹಾಕಿದೆ. ಎರಡೇ ತಿಂಗಳಲ್ಲಿ ರೇಟು ನೆಲ ಕಚ್ಚಿತು, ಬಾಡಿಗೆ ನಿಂತಿತು, ಕಂತು ತಪ್ಪಿತು. ಕೊನೆಗೆ ಗಾಡಿ ಮಾರಿ, ಬಾಕಿಯಲ್ಲಿ 38,000 ರೂಪಾಯಿ ಬಿಡಿಸಿಕೊಂಡು 'ಸೆಟಲ್ಮೆಂಟ್' ಮಾಡಿಕೊಂಡೆ ಅಂತ ಖುಷಿಯಾಗಿ ಬಂದು ಹೇಳಿದ. ಸ್ವೀಟೂ ಕೊಟ್ಟ. ಆ ಕಂತು ತಪ್ಪಿದ್ದೂ, ಆ ಸೆಟಲ್ಮೆಂಟೂ ನನ್ನ ರಿಪೋರ್ಟಿನಲ್ಲೂ ಬಂದು ಕೂತಿದ್ದವು. ಸಹಿ ಹಾಕಿದವನಿಗೂ ಅದು ಸಾಲವೇ ಅಂತ ಆವತ್ತು ಗೊತ್ತಾಯಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಮುಕ್ಕಾಲು ಪಾಲು ಜನ ಎಡವೋದು ಇಲ್ಲೇ. ರಿಪೋರ್ಟಿನಲ್ಲಿ 'ಕ್ಲೋಸ್ಡ್' ಬೇರೆ, 'ಸೆಟಲ್ಡ್' ಬೇರೆ. ಕ್ಲೋಸ್ಡ್ ಅಂದರೆ ಪೂರ್ತಿ ಕಟ್ಟಿದ್ದೀರಿ. ಸೆಟಲ್ಡ್ ಅಂದರೆ ಕೊಟ್ಟವರು ಸ್ವಲ್ಪ ಕಳಕೊಂಡು ಕೈ ತೊಳಕೊಂಡಿದ್ದಾರೆ. ಮುಂದೆ ಸಾಲ ಕೊಡೋನು ಆ ಪದ ನೋಡಿದ ಕೂಡಲೇ ಹಿಂದೆ ಸರೀತಾನೆ. ಕೊನೆಗೆ ಆ 38,000 ನಾವೇ ಒಟ್ಟುಮಾಡಿ ಕಟ್ಟಿ, ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂ ಪತ್ರ ಬರೆಸಿಕೊಂಡು, ಕ್ಲೋಸ್ಡ್ ಅಂತ ಮಾಡಿಸಿದೆವು. ಹಂಗಂತ ತಪ್ಪಿದ ಕಂತುಗಳ ಗುರುತು ಅಳಿಸಿ ಹೋಗಲ್ಲ. ಹಿಂದಿನ 36 ತಿಂಗಳ ಲೆಕ್ಕ, ಯಾವ ತಿಂಗಳು ಎಷ್ಟು ದಿನ ತಡ ಅಂತ ಅದರಲ್ಲಿ ಕಾಣುತ್ತಲೇ ಇರುತ್ತೆ.

ಇನ್ನೊಂದು ದಡ್ಡತನ ನನ್ನದೇ. ಒಂದು ಕಡೆ ಇಲ್ಲ ಅಂದ ಮೇಲೆ ಸಿಟ್ಟಿನಲ್ಲಿ ಒಂದೇ ವಾರದಲ್ಲಿ ಐದು ಕಡೆ ಅರ್ಜಿ ಹಾಕಿದೆ. ಪ್ರತಿ ಅರ್ಜಿಗೂ ಅವರು ರಿಪೋರ್ಟ್ ತೆಗೆದು ನೋಡ್ತಾರೆ, ಅದೂ ದಾಖಲಾಗುತ್ತೆ, ಇವನಿಗೆ ದುಡ್ಡಿಗೆ ತುಂಬಾ ಅವಸರ ಇದೆ ಅನ್ನೋ ಅರ್ಥ ಬರುತ್ತೆ. ನಮ್ಮ ರಿಪೋರ್ಟ್ ನಾವೇ ನೋಡಿಕೊಂಡರೆ ಮಾತ್ರ ಸ್ಕೋರ್ ಇಳಿಯಲ್ಲ. ಸಿಬಿಲ್ ಅಂತ ನಾವು ಎಲ್ಲದಕ್ಕೂ ಅಂದರೂ ಇಂಥ ರಿಪೋರ್ಟ್ ತಯಾರಿಸೋ ಕಂಪನಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ವರ್ಷಕ್ಕೊಮ್ಮೆ ನಾಲ್ಕೂ ಪೂರ್ತಿ ರಿಪೋರ್ಟ್ ಪುಕ್ಕಟೆ ಕೊಡಬೇಕು. ಸ್ಕೋರ್ 300ರಿಂದ 900ರವರೆಗೆ ಇರುತ್ತೆ, 750ರ ಮೇಲಿದ್ದರೆ ಸಾಮಾನ್ಯವಾಗಿ ತಂಟೆ ಇಲ್ಲ. ನಾಲ್ಕನ್ನೂ ತೆಗೆದು ನೋಡಿದಾಗ, ನಾನು ಯಾವತ್ತೋ ತೀರಿಸಿದ ಮೊಬೈಲ್ ಸಾಲ ಒಂದು ರಿಪೋರ್ಟಿನಲ್ಲಿ ಇನ್ನೂ ಬಾಕಿ ಅಂತ ಇತ್ತು! ಆ ಕಂಪನಿಯ ವೆಬ್‌ಸೈಟಿನಲ್ಲೇ ತಕರಾರು ಹಾಕಿದೆ, 26ನೇ ದಿನ ಸರಿಯಾಯಿತು. 30 ದಿನ ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

ಕ್ರೆಡಿಟ್ ಕಾರ್ಡ್ ಇರೋರು ಲಿಮಿಟ್‌ನ ಮೂವತ್ತು ಪರ್ಸೆಂಟ್ ಒಳಗೇ ಇರಿ. ನನ್ನದು 50,000 ಲಿಮಿಟ್, ತಿಂಗಳಿಗೆ 45,000 ಉಜ್ಜಿ ಪೂರ್ತಿ ಕಟ್ತಿದ್ದೆ, ಆದರೂ ಬಿಲ್ ಬಂದ ದಿನದ ಬಾಕಿಯೇ ರಿಪೋರ್ಟಿಗೆ ಹೋಗ್ತಿತ್ತು. ಈಗ ಬಿಲ್ ಆಗೋ ಮೊದಲೇ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಕಟ್ಟಿಬಿಡ್ತೀನಿ. ಚಿನ್ನದ ಸಾಲ, ಸಂಘದ ಸಾಲ ಕೂಡ ರಿಪೋರ್ಟಿಗೆ ಬರುತ್ತೆ, ಅದು ಲೆಕ್ಕಕ್ಕಿಲ್ಲ ಅಂತ ಸುಮ್ನೆ ಇರಬೇಡಿ. ಇನ್ನು 'ಸಿಬಿಲ್ ಕ್ಲಿಯರ್ ಮಾಡಿಕೊಡ್ತೀವಿ' ಅಂತ ಚೀಟಿ ಅಂಟಿಸಿರ್ತಾರಲ್ಲ, ಅವರಿಗೆ ಒಂದು ಪೈಸೆ ಕೊಡಬೇಡಿ. ನಿಜವಾಗಿ ಕಟ್ಟದೆ ಇದ್ದದ್ದನ್ನ ಯಾರೂ ಅಳಿಸೋಕಾಗಲ್ಲ, ತಪ್ಪಾಗಿ ಬಂದಿದ್ದರೆ ನೀವೇ ಪುಕ್ಕಟೆ ಸರಿ ಮಾಡಿಸಬಹುದು.

ಎಂಟು ತಿಂಗಳಲ್ಲಿ ನನ್ನ ಸ್ಕೋರ್ 728ಕ್ಕೆ ಬಂತು. ಅಷ್ಟರಲ್ಲಿ ಆ ಮನೆ ಬೇರೆಯವರ ಪಾಲಾಗಿತ್ತು, ಅಡ್ವಾನ್ಸಿನಲ್ಲಿ 25,000 ಹಿಡಕೊಂಡರು. ಇಷ್ಟೆಲ್ಲ ಒದ್ದಾಟ ಯಾಕೆ ಅಂತೀರಾ? ಸ್ಕೋರ್ ಚೆನ್ನಾಗಿದ್ದರೆ ಸಾಮಾನ್ಯವಾಗಿ ಬಡ್ಡಿ ಕಮ್ಮಿ ಬೀಳುತ್ತೆ. 20 ಲಕ್ಷಕ್ಕೆ 20 ವರ್ಷದ ಸಾಲ ಅಂದುಕೊಳ್ಳಿ. ಬಡ್ಡಿ ಎಂಟೂವರೆ ಆದರೆ ಕಂತು ಸುಮಾರು 17,360, ಒಂಬತ್ತೂವರೆ ಆದರೆ 18,640. ಕೊನೆಗೆ ಮೂರು ಲಕ್ಷದ ಮೇಲೆ ವ್ಯತ್ಯಾಸ. ಮನೆಯ ಮಾಲೀಕನ ಹತ್ತಿರ ಹತ್ತು ಸಾವಿರಕ್ಕೆ ಚೌಕಾಸಿ ಮಾಡ್ತೀವಿ, ಇದನ್ನ ಬಿಡ್ತೀವಿ ಅಲ್ವಾ? ಅದಕ್ಕೇ ಮನೆ ಆಗಲಿ, ಟ್ರ್ಯಾಕ್ಟರ್ ಆಗಲಿ, ತಗೊಳ್ಳೋಕೆ ಆರು ತಿಂಗಳು ಮೊದಲೇ ರಿಪೋರ್ಟ್ ತೆಗೆಸಿ ಅಂತ ಸಿಕ್ಕವರಿಗೆಲ್ಲ ಹೇಳ್ತಿದ್ದೀನಿ.

ಬ್ಯಾಂಕು, ಫೈನಾನ್ಸಿನವರಿಗೂ ಒಂದು ಕೇಳಬೇಕಿದೆ. ಶ್ಯೂರಿಟಿ ಹಾಕಿಸಿಕೊಳ್ಳೋ ದಿನ ನನ್ನ ಮೊಬೈಲ್ ನಂಬರ್ ಎರಡು ಕಡೆ ಬರೆಸಿಕೊಂಡರು. ಬಾಮೈದನ ಮೊದಲ ಕಂತು ತಪ್ಪಿದಾಗ ಆ ನಂಬರಿಗೆ ಒಂದು ಮೆಸೇಜ್ ಬಂದಿದ್ದರೆ, ಅದೂ ಕನ್ನಡದಲ್ಲಿ ಬಂದಿದ್ದರೆ, ಆ ಒಂದು ಕಂತು ನಾನೇ ಕಟ್ಟಿ ಅವನ ಕಿವಿ ಹಿಂಡ್ತಿದ್ದೆ. ಸಾಲಗಾರನ ಜೊತೆ ಜಾಮೀನುದಾರನಿಗೂ ಆ ದಿನವೇ ತಿಳಿಸೋ ವ್ಯವಸ್ಥೆ ಮಾಡಲಿ.

– ಒಬ್ಬ ಓದುಗ, ಕೋಲಾರ